ಮುನೇಶಣ್ಣನ ‘ರೇಯ್’

ಚಾಂಪಿಯನ್ ರೀಫ್ಸ್, ಕೆ.ಜಿ.ಎಫ್.
೧೫ ನವೆಂಬರ್ ೨೦೨೫, ಶನಿವಾರ

ಶ್ರೀಮತ್ ಚಾಂಪಿಯನ್ ರೀಫ್ಸ್ ಕರಾಟೆ ಸಂಸ್ಥಾನದ ಕಪ್ಪು ಬೆಲ್ಟ್ ಸಿಂಹಾಸನಾಧೀಶ್ವರಿ, ಒಡಹುಟ್ಟಿದ ತಮ್ಮನ ಮೂಗನ್ನೇ ಮುರಿದು ದಿಗಂತವಿಶ್ರಾಂತ ಕೀರ್ತಿ ಗಳಿಸಿದ ವೀರಾಗ್ರಣಿ, ಭಾವೀ ಪೊಲೀಸ್ ಕುಲತಿಲಕ, ಅನು ಅಕ್ಕನವರ ದಿವ್ಯ ಸನ್ನಿಧಾನಕ್ಕೆ ಕಂದು ಬೆಲ್ಟಿನ ಬಡಪಾಯಿ ತಮ್ಮ ಸೃಜನ್ ಬಿನ್ನವಿಸಿಕೊಳ್ಳುವುದೇನೆಂದರೆ,

ಮಂಡಿ ನೋವು ಹೆಂಗಿದೆ? ಆ ಟ್ರೈನಿಂಗ್ ಶಾಲೇಲಿ ರಾಗಿಮುದ್ದೆ ಹಾಕ್ತಾರಾ, ಇಲ್ಲಾ ಬರೀ ರೊಟ್ಟೀನಾ? ತಲೆಗೆ ಎಣ್ಣೆ ಹಚ್ಕೋತೀಯಾ ಅಂತ ಅಮ್ಮ ಕೇಳ್ತಿದ್ದಾಳೆ. ನಿನ್ನ ಕೂದಲು ಕತ್ತರಿಸಿರೋದನ್ನ ಅವಳಿಗೆ ನಾನಿನ್ನೂ ಹೇಳಿಲ್ಲ, ಈ ಮಹೋಪಕಾರವನ್ನು ತಾವು ಮರೆಯತಕ್ಕದ್ದಲ್ಲ. ಇಲ್ಲಿ ನಾವೆಲ್ಲ ಕ್ಷೇಮ ಅಂತ ಬರೆಯೋದು ಪದ್ಧತಿ. ಬರೆದಿದ್ದೀನಿ.

ಹೋದ ಭಾನುವಾರ ಫೋನಲ್ಲಿ “ಎಲ್ಲಾ ಹೇಳು, ಒಂದೂ ಬಿಡಬೇಡ” ಅಂದೆ. ನಾನು ಬಾಯಿ ತೆಗೆಯೋದರೊಳಗೆ ನಿನ್ನ ಸರದಿ ಮುಗಿದು ಮೊಬೈಲ್ ಇಸ್ಕೊಂಡುಬಿಟ್ರು. ಸತ್ತವನು ನಿನಗೇನಾಗಬೇಕು ಅಂತ ರಜೆ ಕೇಳಿದಾಗ ಕೇಳಿದ್ರಂತೆ, ನೀನು ಸ್ನೇಹಿತ ಅಂದ್ಯಂತೆ. ಅಣ್ಣ ಅಂತ ಒಂದು ಸುಳ್ಳು ಹೇಳಿದ್ರೆ ಕಳಿಸ್ತಿದ್ರಲ್ಲೇ! ನಿನ್ನ ಜೊತೆ ಓಡಿ ಓಡಿ ಪೊಲೀಸ್ ಓಟದಲ್ಲಿ ನಿನ್ನನ್ನು ಪಾಸು ಮಾಡಿಸಿದವನು ಅಣ್ಣ ಅಲ್ಲದೆ ಇನ್ನೇನು? ಇಷ್ಟು ವರ್ಷ ನನ್ನ ಜೊತೆ ಬಾಳಿ ಒಂದು ಸುಳ್ಳೂ ಕಲೀಲಿಲ್ಲ ನೀನು.

ಸರಿ, ಹೇಳ್ತೀನಿ. ಡೆಂಗ್ಯೂ. ತಲೆಮಟ್ಟದ ಒದೆತ ತಪ್ಪಿಸಿಕೊಳ್ಳೋದರಲ್ಲಿ ಜಿಲ್ಲೆಗೇ ಹೆಸರಾದ ನಮ್ಮ ಮುನೇಶಣ್ಣನನ್ನು ಒಂದು ಸೊಳ್ಳೆ ಹೊಡೆದುಹಾಕಿತು. ಮೈ ಸುಡ್ತಿದ್ರೂ ಬಂಗಾರಪೇಟೆ ಬ್ಯಾಚಿಗೆ ಪಾಠ ಮಾಡೋಕೆ ಹೋಗಿದ್ದ, ನಾನೂ ಜೊತೇಲಿದ್ದೆ. ವಾಪಸ್ ಬರೋವಾಗ ಸ್ಟೇಷನ್ ಹತ್ರ ಪಾನಿಪುರಿ ಕೊಡಿಸಿದ, ತಾನು ಮಾತ್ರ ತಟ್ಟೆ ಮುಟ್ಟಲಿಲ್ಲ. ಅವನು ಪಾನಿಪುರಿ ಬಿಟ್ಟ ಅಂದಾಗಲೇ ಅರ್ಥ ಆಗಬೇಕಿತ್ತು. ನಾನು ಅವನ ತಟ್ಟೇದೂ ತಿಂದೆ. ಆಮೇಲೆ ಕೋಲಾರದ ಆಸ್ಪತ್ರೆ. ನಮ್ಮ ಹುಡುಗರೆಲ್ಲ ರಕ್ತ ಕೊಡೋಕೆ ಅಂಗಿ ತೋಳು ಮಡಚಿಕೊಂಡು ಸಾಲು ನಿಂತ್ರು. ಅಲ್ಲೂ ಬೆಲ್ಟಿನ ಪ್ರಕಾರವೇ ನಿಂತಿದ್ವಿ ಕಣೇ, ಯಾರೂ ಹೇಳದೆ. ಮೊದಲನೆಯವನು ನಾನು. ನನ್ನ ತೋಳಿಗೆ ಸೂಜಿ ಚುಚ್ಚೋದರೊಳಗೆ ಒಳಗಿಂದ ಅವನ ಅಮ್ಮ ರಾಧಾಮಣಿ ಅತ್ತೆ ಅಳೋದು ಕೇಳಿಸ್ತು. ಸಾಲು ಮಾತ್ರ ಎಷ್ಟೋ ಹೊತ್ತು ಹಂಗೇ ನಿಂತಿತ್ತು.

ತಿಥಿ ಕಳೆದ ಮೇಲೆ ಮತ್ತೆ ಕ್ಲಾಸು. ನಮ್ಮಲ್ಲಿ ಕ್ಲಾಸು ಮುಗಿಸೋನು ಮೇಷ್ಟ್ರಲ್ಲ, ಸಾಲಿನ ಹಿರಿಯ ಶಿಷ್ಯ. ಎಲ್ಲರೂ ಮಂಡಿಯೂರಿ ಕೂತಾಗ ಅವನು ಜಪಾನಿ ಭಾಷೇಲಿ ‘ರೇಯ್’ ಅಂತ ಕೂಗಬೇಕು, ಆಗಲೇ ನೆಲಕ್ಕೆ ಬಾಗಿ ಏಳೋದು. ದಾರೀಲಿ ಹೋಗೋ ತೆಲುಗು ತಾತಂದಿರು ತಮ್ಮನ್ನೇ ಯಾವನೋ ‘ಲೋ’ ಅಂತ ಕರೆದ ಅಂದ್ಕೊಂಡು ತಿರುಗಿ ಬೈತಿದ್ರಲ್ಲ, ಅದೇ ಕೂಗು. ಅವತ್ತು ಕುಪ್ಪುಸ್ವಾಮಿ ಮೇಷ್ಟ್ರು ಎದುರಿಗೆ ಕಣ್ಣು ಮುಚ್ಚಿ ಕೂತ್ರು. ಮುನೇಶಣ್ಣನ ಜಾಗ ಖಾಲಿ. ಪಕ್ಕದ ನಿನ್ನ ಜಾಗ ಖಾಲಿ. ಅದರ ಪಕ್ಕ ನಾನು. ಕೂಗಬೇಕಾದವನು ನಾನೇ, ಗಂಟಲಿಂದ ಬರೀ ಗಾಳಿ ಬಂತು. ಕೂಗದೆ ಏಳೋ ಹಾಗಿಲ್ಲ. ಕೂತ್ವಿ. ಕಾಲು ಜೋಮು ಹಿಡೀತು. ಹಳದಿ ಬೆಲ್ಟಿನ ಪುಟ್ಟ ಅರ್ಚನ ಮುಸುಮುಸು ಅಳೋಕೆ ಶುರು ಮಾಡಿದ್ಲು, ಕಾಲು ನೋವಿಗೋ ಇನ್ಯಾತಕ್ಕೋ. ಆಗ ನನ್ನ ಬಾಯಿಂದ ಬಂದಿದ್ದು ಮುನೇಶಣ್ಣನ ದನಿ. ಮೂಗಲ್ಲಿ ಹುಟ್ಟಿ ಕೊನೇಲಿ ಒಡೆಯೋ ಅದೇ ‘ರೇಯ್’. ಅವನನ್ನು ಅಣಕಿಸಿ ನಿನ್ನನ್ನು ನಗಿಸ್ತಿದ್ದೆನಲ್ಲ, ಹಂಗೆ. ಎಲ್ಲರೂ ಬಾಗಿದ್ರು. ಮಕ್ಕಳು ಎದ್ದ ಮೇಲೂ ಮೇಷ್ಟ್ರು ನೆಲದಿಂದ ಹಣೆ ಎತ್ತಲಿಲ್ಲ. ಆಮೇಲೆ ಹೊರಗೆ ಬಂದು ನನ್ನ ಕಿವಿ ಹಿಂಡಿ, “ಡೇಯ್ ಪೋಕ್ರಿ, ನಾಳೇನೂ ನೀನೇ ಕೂಗ್ ಡಾ” ಅಂದ್ರು.

ಕೂಗ್ತಾ ಬಂದೆ. ಒಂದು ಸಂಜೆ ರಾಧಾಮಣಿ ಅತ್ತೆ ಮಕ್ಕಳ ಯೂನಿಫಾರ್ಮ್ ಹೊಲಿದು ತಂದವರು, ಆ ದನಿ ಕೇಳಿ ಗೇಟಲ್ಲೇ ನಿಂತುಬಿಟ್ರು. ಬಟ್ಟೆ ಚೀಲ ಕೈಯಿಂದ ಜಾರಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ತಪ್ಪಾಯ್ತು ಅತ್ತೆ ಅಂತ ಓಡಿಹೋದೆ. ಬೈಯಲಿಲ್ಲ. “ಇನ್ನೊಂದ್ಸಾರಿ ಕೂಗಪ್ಪಾ” ಅಂದ್ರು, ಅಷ್ಟೇ. ಈಗ ದಿನಾ ಕ್ಲಾಸು ಬಿಡೋ ಹೊತ್ತಿಗೆ ಬಂದು ನಿಲ್ತಾರೆ, ಸೆರಗು ಬಾಯಿಗೆ ಅಡ್ಡ ಹಿಡಿದು. ಕೇಳಿಸ್ಕೊಂಡು ಹೋಗ್ತಾರೆ. ನಿಲ್ಲಿಸೋಣ ಅಂದ್ರೆ ಗೇಟಿನ ಕಡೆ ನೋಡೋಕಾಗಲ್ಲ. ಕೂಗೋಣ ಅಂದ್ರೆ, ಹಾಳಾದ್ದು, ದಿನಾ ಕೂಗಬೇಕಲ್ಲ ಅಕ್ಕಾ.

ಅಮ್ಮ ಹುರಿಗಾಳು ಕಳಿಸಿದ್ದಾಳೆ, ಒಬ್ಬಳೇ ತಿನ್ನಬೇಡ. ಅರ್ಚನ ನಮಸ್ಕಾರ ಹೇಳಿದ್ದಾಳೆ. ನಿನ್ನ ಮಂಡಿ, ಲಾಠಿ, ಕೋಪ ಮೂರೂ ಗಟ್ಟಿಯಾಗಿರಲಿ ಎಂದು ಹಾರೈಸುವ,

ತಮ್ಮ ನಿತ್ಯ ಒದೆತಾಭಿಲಾಷಿ,
ಸೃಜನ್

ತಾ.ಕ.: ಕೊರಿಯರ್ ಅಂಗಡಿಯವನು ಬಾಗಿಲು ಎಳೀತಿದ್ದಾನೆ, ಬೇಗ ಬರೀತೀನಿ. ಮುನೇಶಣ್ಣನ ದನಿ ಅಂತ ಮೇಲೆ ಬರೆದೆನಲ್ಲ, ಸುಳ್ಳು. ನಿನ್ನನ್ನು ನಗಿಸೋಕೆ ಮೂಗು, ಒಡಕು ಎಲ್ಲ ಸೇರಿಸಿ ನಾನೇ ಕಟ್ಟಿದ್ದು ಅದು. ಅವನದು ಹೆಂಗಿತ್ತೋ ಕಿವಿಗೆ ಬರ್ತಾನೇ ಇಲ್ಲ, ನೆನೆಸಿಕೊಂಡಾಗಲೆಲ್ಲ ನನ್ನದೇ ಕೇಳಿಸುತ್ತೆ. ಅತ್ತೆಗೆ ಇದು ಗೊತ್ತೋ ಇಲ್ವೋ, ಕೇಳೋಕೆ ಧೈರ್ಯ ಇಲ್ಲ. ನಿನಗೆ ನೆನಪಿದ್ರೆ ಬರಿ. ದನೀನ ಹೆಂಗೆ ಬರೀತಾರೋ ಗೊತ್ತಿಲ್ಲ. ಬರಿ.