ತಲೆಯ ಮೇಲಿನ ಹಲಗೆ

ದಾವಣಗೆರೆ, ಫೆಬ್ರವರಿ 31, 2214
(ರಿಯಾಯಿತಿ ಮಾರಾಟ ಮುಗಿಯಲಿಲ್ಲವೆಂದು ಕಂಪನಿಯವರು ತಿಂಗಳನ್ನು ಮೂರು ದಿನ ಎಳೆದಿದ್ದಾರೆ. ಕ್ಷಮೆಯಿರಲಿ.)

ಶ್ರೀಮದ್ ಸ್ಕೇಟ್‌ಬೋರ್ಡ್ ವಂಶದ ಮೂಲಪುರುಷರೂ ಮೂಲಸ್ತ್ರೀಯರೂ, ತರಚಿದ ಮೊಣಕಾಲುಗಳ ಒಡೆಯರೂ, ಬ್ಯಾಂಕಿನ ಮೆಟ್ಟಿಲು, ಪಾರ್ಕಿನ ಕಟ್ಟೆಗಳನ್ನು ಸವೆಸಿ ಕಾವಲುಗಾರರಿಂದ ಅಟ್ಟಿಸಿಕೊಂಡ ಮಹಾಮಹಿಮರೂ ಆದ ಎರಡು ಸಾವಿರದ ಇಪ್ಪತ್ತರ ದಶಕದ ಹಿರಿಯರ ಪಾದಗಳಿಗೆ, ಅಂದರೆ ನಿಮ್ಮ ಹರಿದ ಶೂಗಳಿಗೆ, ಹದಿನೇಳು ವರ್ಷದ ತಿಪ್ಪೇಶಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನನ್ನ ಕೆಲವು ಪದಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಮಗೂ ಹಾಗೇ ಕೇಳಿಸುತ್ತವೆ. ಆದರೆ ಅವುಗಳನ್ನು ಬಳಸದಿದ್ದರೆ ಅಂಗಡಿಯಲ್ಲಿ ಏನೂ ಕೊಡುವುದಿಲ್ಲ.

ಇಲ್ಲಿ ನಾವೆಲ್ಲ ಬಂಡಾಯಗಾರರು. ಹುಟ್ಟಿದ ಕೂಡಲೇ ಬಂಡಾಯ ಕಂಪನಿಯವರು ತೊಟ್ಟಿಲಿಗೆ ಒಂದು ಪುಟ್ಟ ಹಲಗೆ ಕಟ್ಟಿ ಹೋಗುತ್ತಾರೆ. ಶಾಲೆಗೆ ‘ಪೂರ್ವಹರಿ’ ತೊಟ್ಟೇ ಹೋಗಬೇಕು. ಅದು ಕಾರ್ಖಾನೆಯಲ್ಲೇ ಮೊಣಕಾಲಿನ ಹತ್ತಿರ ಹರಿದು ಕೊಟ್ಟ ಪ್ಯಾಂಟು. ತಾನಾಗಿ ಬೇರೆ ಕಡೆ ಹರಿದರೆ ಹೊಲಿಸಿಕೊಂಡು ಬಾ ಎಂದು ವಾಪಸು ಕಳಿಸುತ್ತಾರೆ. ಹರಿದ ಜಾಗದಲ್ಲಿ ‘ಗಾಯಂಟು’ ಅಂಟಿಸಿಕೊಳ್ಳುತ್ತೇವೆ. ಒಣಗಿದ ರಕ್ತದ ಬಣ್ಣದ ಚೀಟಿ ಅದು, ಮೂರನೆಯ ದಿನ ತುರಿಸುತ್ತದೆ ಕೂಡ. ನಿಮ್ಮನ್ನು ಅಟ್ಟಿದವರ ನೆನಪಿಗೆ ಪ್ರತಿ ಅಂಗಡಿಯ ಮುಂದೆ ಒಬ್ಬ ‘ಅಟ್ಟಾಳು’ ಇದ್ದಾನೆ. ಟಿಕೆಟ್ ಪಡೆದು ಸಾಲಿನಲ್ಲಿ ನಿಂತರೆ ಇಪ್ಪತ್ತು ಹೆಜ್ಜೆ ಬೆನ್ನಟ್ಟಿ ಬೈಯುತ್ತಾನೆ. ನಮ್ಮ ಚಿಕ್ಕಪ್ಪ ರೇವಣಪ್ಪನದು ಅದೇ ಕೆಲಸ. ಕಂಪನಿ ಒಪ್ಪಿದ ಬೈಗುಳ ನಾಲ್ಕೇ. ಹಬ್ಬದ ದಿನ ಮಾತ್ರ ಐದು.

ಇಷ್ಟರ ನಡುವೆಯೂ ನನ್ನ ಗೆಳತಿ ನೂರ್‌ಜಾನ್ ಒಂದು ಗುಟ್ಟಿನ ಜಾಗ ಕಂಡುಕೊಂಡಿದ್ದಳು: ಮುಚ್ಚಿಹೋದ ಹತ್ತಿ ಗಿರಣಿಯೊಳಗಿನ, ನೂಲಿಗೆ ಬಣ್ಣ ಹಾಕುತ್ತಿದ್ದ ತೊಟ್ಟಿ. ನೀರಿಲ್ಲ. ಗೋಡೆಗಳು ಬಾಣಲೆಯಂತೆ ಬಾಗಿವೆ. ಹಳೆಯ ಬಾಗಿಲನ್ನು ಕೊಯ್ದು, ಗುಜರಿಯ ಗಾಲಿ ಜೋಡಿಸಿ, ಯಾವ ಕಂಪನಿಯ ಹೆಸರೂ ಇಲ್ಲದ ಆ ಹಲಗೆಯ ಮೇಲೆ ಅವಳು ಗೋಡೆ ಹತ್ತಿ ಇಳಿಯುತ್ತಿದ್ದಳು. ಬಿದ್ದು ಮೊಣಕೈ ತರಚಿಹೋದಾಗ ನಗುತ್ತಿದ್ದಳು. ಈ ಊರಿನಲ್ಲಿ ಬೆಲೆಚೀಟಿ ಇಲ್ಲದ ಗಾಯ ಅದೊಂದೇ. ಈ ಜಾಗದ ಗುಟ್ಟು ನಮ್ಮಿಬ್ಬರಲ್ಲೇ ಇರಲಿ ಎಂದಷ್ಟೇ ಅವಳು ನನ್ನನ್ನು ಕೇಳಿದ್ದು.

ಒಂದು ದಿನ ಹಲಗೆಯನ್ನು ನನ್ನ ಕೈಗಿತ್ತಳು. ನಾನು ಟವೆಲ್ಲನ್ನು ಸಿಂಬಿ ಸುತ್ತಿ, ಕೊಡ ಹೊರುವವರ ಹಾಗೆ ಹಲಗೆಯನ್ನು ತಲೆಯ ಮೇಲೆ ಹೊತ್ತು, ತೊಟ್ಟಿಯ ಅಂಚಿನಲ್ಲಿ ಮೂರು ಸುತ್ತು ಬಂದೆ. ಇದೇ ಪೂರ್ವಿಕರ ಮೂಲಪದ್ಧತಿ, ಕಾಲಡಿ ಇಡುವುದೆಲ್ಲ ಆಮೇಲಿನವರ ಕಲಬೆರಕೆ ಎಂದು ಘೋಷಿಸಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಚಿತ್ರ ತೆಗೆದಳು. ಅದನ್ನು ಊರಿಗೆಲ್ಲ ಹಬ್ಬಿಸೋಣ ಎಂದವನು ನಾನು. ಕಂಪನಿ ಇದನ್ನೂ ಮಾರಲು ಹೊರಟರೆ ಜನ ನಗುತ್ತಾರೆ, ನಕ್ಕವರಿಗೆ ಎಚ್ಚರವಾಗುತ್ತದೆ ಎಂದು ಅವಳನ್ನು ಒಪ್ಪಿಸಿದೆ.

ಮೂರೇ ವಾರ. ‘ಮೂಲಸಿಂಬಿ’ ಏಳು ಬಣ್ಣಗಳಲ್ಲಿ ಬಂತು. ಒಬ್ಬರೂ ನಗಲಿಲ್ಲ. ಈಗ ಬೀದಿ ತುಂಬ ಜನ ಹಲಗೆ ಹೊತ್ತು, ಕತ್ತು ನೆಟ್ಟಗೆ ಮಾಡಿಕೊಂಡು, ಬಂಡಾಯ ಮಾಡುತ್ತ ನಡೆಯುತ್ತಾರೆ. ತಲೆಯ ಮೇಲಿರುವುದಕ್ಕೆ ಗಾಲಿ ಏಕೆಂದು ಕಂಪನಿ ಗಾಲಿ ಮಾಡುವುದನ್ನೇ ನಿಲ್ಲಿಸಿತು. ಚಿತ್ರದ ಹಿಂದೆ ಗಿರಣಿಯ ಚಿಮಣಿ ಕಾಣುತ್ತಿತ್ತು. ಅದನ್ನು ಹಿಡಿದು ತೊಟ್ಟಿಯನ್ನೂ ಪತ್ತೆಹಚ್ಚಿ, ಮೂಲಪದ್ಧತಿಯ ಜನ್ಮಸ್ಥಳವೆಂದು ಗಾಜು ಮುಚ್ಚಿದರು. ಚಿಕ್ಕಪ್ಪನಿಗೆ ಅಲ್ಲಿಗೇ ಬಡ್ತಿಯಾಗಿದೆ. ಕಳೆದ ವಾರ ನೂರ್‌ಜಾನಳ ಗುಜರಿ ಗಾಲಿಯೂ ಒಡೆಯಿತು. ಇನ್ನೊಂದು ಎಲ್ಲೂ ಸಿಗಲಿಲ್ಲ. ಹಲಗೆಯನ್ನು ನಮ್ಮ ಮನೆಯ ಗೋಡೆಗೆ ಒರಗಿಸಿ, “ಲೇ ತಿಪ್ಪೇಶಿ, ಗಾಲಿ ಇಲ್ದಿದ್ರೆ ಇದು ಚಟ್ಟ ಕಣಲೇ. ನೀನೇ ಹೊತ್ಕಂಡು ತಿರುಗು” ಎಂದು ಹೋದವಳು ಮತ್ತೆ ಮಾತಾಡಿಸಿಲ್ಲ.

ಆದ್ದರಿಂದ ಪೂಜ್ಯರೇ, ಒಂದು ಬಿನ್ನಹ. ನಾಲ್ಕು ಗಾಲಿಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಆ ಚಿಮಣಿಯ ಬುಡದಲ್ಲಿ ಹೂತಿಡಿ. ಅವಳಿಗೆ ಕೊಡುತ್ತೇನೆ. ನೀವು ಹೂತಿಟ್ಟಿದ್ದರೆ ಈಗಾಗಲೇ ಅಲ್ಲಿರಬೇಕಲ್ಲ ಎಂದು ನಿನ್ನೆ ಅಗೆದು ನೋಡಿದೆ. ಬರೀ ಮಣ್ಣು. ಕಾಗದ ನಿಮಗೆ ತಲುಪಲಿಲ್ಲವೋ, ತಲುಪಿದ ಮೇಲೆ ಇದನ್ನೂ ಯಾರಿಗಾದರೂ ಮಾರಿಬಿಟ್ಟಿರೋ ತಿಳಿಯದು. ಆದರೂ ಬರೆಯುತ್ತಿದ್ದೇನೆ.

ಇನ್ನೊಂದು ಸಣ್ಣ ವಿಷಯ, ನೂರ್‌ಜಾನಳಿಗೂ ಹೇಳಿಲ್ಲ. ಅವತ್ತು ನಾನು ಹಲಗೆಯನ್ನು ತಲೆಯ ಮೇಲಿಟ್ಟುಕೊಂಡದ್ದು ಯಾರನ್ನೂ ಅಣಕಿಸಲು ಅಲ್ಲ. ತೊಟ್ಟಿ ಬಹಳ ಆಳ ಕಾಣಿಸಿತು. ಇಳಿಯಲು ಹೆದರಿಕೆಯಾಯಿತು.