ಫ್ರೀಡಾ ಬಿಚ್ಚದ ಶೂ

೨೮ ಸೆಪ್ಟೆಂಬರ್ ೨೦೨೫, ಭಾನುವಾರ. ಸ್ಕೋಕಿ, ಅಮೆರಿಕ.

ನನಗೆ ನನ್ನ ಮೇಲೆಯೇ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನವರಾತ್ರಿಯ ಗೊಂಬೆ ನೋಡಲು ಪಕ್ಕದ ಮನೆಯ ಫ್ರೀಡಾ ಅವರನ್ನು ಕರೆದಿದ್ದೆವು. ಎಂಬತ್ತೆಂಟು ವರ್ಷದ ಯಹೂದಿ ಹೆಂಗಸು. ಎಲ್ಲರಿಗೂ ಹೇಳುವಂತೆ ಅವರಿಗೂ ಬಾಗಿಲಲ್ಲೇ ಶೂ ಬಿಚ್ಚಲು ಹೇಳಿದೆ. ಅವರು ಹೊಸ್ತಿಲಾಚೆಯೇ ನಿಂತರು.

"ಹಾಗಾದ್ರೆ ಇಲ್ಲಿಂದಲೇ ನೋಡ್ತೀನಿ."

ಆಮೇಲೆ ಕಾರಣ ಹೇಳಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ, ನಾಜಿಗಳ ಕೈಗೆ ಸಿಗದಂತೆ, ಪೋಲೆಂಡಿನಲ್ಲಿ ಒಬ್ಬ ರೈತನ ಅಟ್ಟದ ಮೇಲೆ ಪುಟ್ಟ ಫ್ರೀಡಾ ಮತ್ತು ತಾಯಿ ಇಪ್ಪತ್ತೆರಡು ತಿಂಗಳು ಅಡಗಿದ್ದರಂತೆ. ಕೆಮ್ಮು ಬಂದರೆ ದಿಂಬು ಕಚ್ಚಬೇಕು. ಹೆಜ್ಜೆಯ ಸಪ್ಪಳ ಕೆಳಗೆ ಕೇಳಬಾರದೆಂದು ಶೂ ಹಾಕುವಂತಿಲ್ಲ. ಆದರೂ ತಾಯಿ ಆಗಾಗ ಮಗಳ ಪಾದವನ್ನು ದಾರದಲ್ಲಿ ಅಳೆಯುತ್ತಿದ್ದರು. ಹೊರಗೆ ಹೋಗುವ ದಿನ ಸರಿಯಾದ ಅಳತೆಯ ಶೂ ಕೊಳ್ಳಬೇಕಲ್ಲ. ಅಟ್ಟದಿಂದ ಇಳಿದು ಬಂದ ಮೇಲೆ ಫ್ರೀಡಾ ಯಾರ ಮನೆಯಲ್ಲೂ ಶೂ ಬಿಚ್ಚಿಲ್ಲ.

ನನ್ನ ಹೆಂಡತಿ ಕೌಸಲ್ಯಾ ಅಡುಗೆಮನೆಯಿಂದ ಬಂದು ಅವರ ಕೈ ಹಿಡಿದಳು. "ಹಾಕ್ಕೊಂಡೇ ಬನ್ನಿ. ನಮ್ಮ ಗೊಂಬೆಗಳು ಏನೂ ಅನ್ಕೊಳ್ಳಲ್ಲ."

ಮರದ ನೆಲದ ಮೇಲೆ ಟಕ್ ಟಕ್ ಎಂದು ನಡೆದುಬಂದು ಒಂದೊಂದೇ ಗೊಂಬೆಯನ್ನು ನೋಡಿದರು.

ಅವರು ಹೋದ ಮೇಲೆ, ಪ್ಲಿಮತ್‌ನಿಂದ ಬಂದಿದ್ದ ಗೆಳೆಯ ಅಶ್ವಥ್ ನಕ್ಕ. "ಎಂಬತ್ತು ವರ್ಷ ಆಯ್ತು, ಇನ್ನೂ ಅದೇ ಕಥೆ. ದೇವರ ಮುಂದೆ ಶೂ ಬೇಕಿತ್ತೇನಯ್ಯಾ?"

ಆ ಯುದ್ಧದ ಬಗ್ಗೆ ಒಂದು ಕಪಾಟು ಪುಸ್ತಕ ಓದಿದ್ದೇನೆ. ಆ ರೈತ ಪ್ರಾಣ ಒತ್ತೆಯಿಟ್ಟು ಅವರನ್ನು ಉಳಿಸಿದ. ನಾನು ನನ್ನದೇ ಮನೆಯಲ್ಲಿ ಕುಳಿತು ಅಶ್ವಥ್‌ಗೆ, ಇನ್ನೊಂದು ಸ್ವಲ್ಪ ಉಸಲಿ ಹಾಕಲೇ ಎಂದು ಕೇಳಿದೆ.