ಸೈಬರಿನಲ್ಲಿ ಬಿಟ್ಟುಹೋದ ಕನ್ನಡಕ

ಹೊಳೆನರಸೀಪುರ
ಏಪ್ರಿಲ್ ೨೦೦೭

ನಮ್ಮನೆಯವರಿಗೆ ಸರಸಳ ನಮಸ್ಕಾರಗಳು.

ಪೇಪರ್ ತಿದ್ದಲು ಹಾಸನದ ಬಸ್ ಹಿಡಿಯುವ ಆತುರದಲ್ಲಿ ಕನ್ನಡಕವನ್ನು ಸೈಬರ್ ಸೆಂಟರಿನಲ್ಲೇ ಬಿಟ್ಟಿದ್ದಿರಿ. ತರಲು ಹೋದೆ. ಅಂಗಡಿಯ ಅನಿಲ್‌ಕುಮಾರ್, “ಮೇಷ್ಟ್ರು ಆರ್ಕುಟ್ಟೂ ಕ್ಲೋಸ್ ಮಾಡ್ದೆ ಓಗ್ಬುಟ್ಟವ್ರೆ, ನೋಡಿ ಅಕ್ಕ” ಅಂದರು.

ನೋಡಿದೆ. ಅಲ್ಲೇ ಕುರ್ಚಿ ಎಳೆದುಕೊಂಡು ಓದಿದೆ. ನಿಮ್ಮಂತೆಯೇ ಎಲ್ಲ ಮರೆಯುವ, ಒಂದು ಕಡೆ ಮನಸ್ಸು ನಿಲ್ಲದ, ನಿಮ್ಮ ವಯಸ್ಸಿನವರದೇ ಒಂದು ಗುಂಪು ಆ ಆರ್ಕುಟ್ಟಿನಲ್ಲಿ! ಇದಕ್ಕೆ ಎಡಿಎಚ್‌ಡಿ ಅಂತ ಹೆಸರೂ ಇದೆಯಂತೆ. ನಾನು ಇಷ್ಟು ವರ್ಷ ಬೇಜವಾಬ್ದಾರಿ ಅನ್ನುತ್ತಿದ್ದೆ.

ಮೊನ್ನೆ ಇಂಚರಳನ್ನು ಸಂಗೀತದ ಕ್ಲಾಸಿನಿಂದ ಕರೆತರಲು ಮರೆತಾಗಲೂ ಆ ಸೈಬರಿನಲ್ಲೇ ಇದ್ದಿರಂತಲ್ಲ. “ಹತ್ತು ನಿಮಿಷವೆಂದು ಕೂತವನಿಗೆ ಕತ್ತಲಾದದ್ದೇ ತಿಳಿಯಲಿಲ್ಲ, ಮಗಳು ಕ್ಲಾಸಿನ ಬಾಗಿಲಲ್ಲಿ ಅಳುತ್ತಿದ್ದಳು” ಎಂದು ಬರೆದಿದ್ದೀರಿ. ಅದರ ಕೆಳಗೇ, “ನಿಮಗೆಲ್ಲ ಹೇಳಿಕೊಳ್ಳಬಲ್ಲೆ, ಹೆಂಡತಿಗೆ ಹೇಳುವ ಧೈರ್ಯವಿಲ್ಲ” ಎಂದೂ.

ಕನ್ನಡಕವನ್ನು ಪೇಪರ್ ತಿದ್ದಲು ಅಲ್ಲಿಗೇ ಬರುತ್ತಿರುವ ಕೃಷ್ಣಪ್ಪ ಮೇಷ್ಟ್ರ ಕೈಲಿ ಕಳಿಸಿದ್ದೇನೆ, ಈ ಪತ್ರ ಅದರ ಡಬ್ಬಿಯಲ್ಲಿದೆ. ಅಲ್ಲಿ ಸೈಬರಿಗೆ ಹೋದರೆ ಊಟದ ಹೊತ್ತಿಗಾದರೂ ಏಳಿ.

ಕಂಪ್ಯೂಟರ್ ಮುಚ್ಚುವ ಮುಂಚೆ ನಿಮ್ಮ ಹೆಸರಿನಲ್ಲೇ ಆ ಗುಂಪಿಗೆ ಒಂದು ಸಾಲು ಬರೆದುಬಿಟ್ಟೆ, ಸಿಟ್ಟಾಗಬೇಡಿ:

“ಹೆಂಡತಿಗೆ ಗೊತ್ತಾಗಿದೆ. ಉಳಿದದ್ದನ್ನು ಮನೆಗೆ ಬಂದೇ ಹೇಳಬೇಕಂತೆ.”

ಇತಿ,
ಸರಸ